ಯಕೃತ್ತಿನ ಎಲ್ಲೆ: ವೈದ್ಯಕೀಯ ಬಿಂಬಗಳಲ್ಲಿ ಅಂಗವನ್ನು ಬೇರ್ಪಡಿಸುವ ಗಣಕ ವಿಧಾನಗಳು

ಬದುಕಿರುವ ವ್ಯಕ್ತಿಯ ಯಕೃತ್ತಿನ ಒಂದು ಭಾಗವನ್ನು ತೆಗೆದು ಮತ್ತೊಬ್ಬರ ದೇಹದಲ್ಲಿ ಕಸಿ ಮಾಡುವ ಚಿಕಿತ್ಸೆ ಇಂದು ಭಾರತದ ಹಲವು ನಗರಗಳಲ್ಲಿ ನಡೆಯುತ್ತಿದೆ. ಮುಂಬಯಿಯ ಪಶ್ಚಿಮ ಅಂಧೇರಿಯಲ್ಲಿ, ಚಾರ್ ಬಂಗ್ಲಾ ಎಂದು ಹೆಸರಾದ ಭಾಗದಲ್ಲಿ, 2009ರಲ್ಲಿ ಆರಂಭವಾದ ಕೋಕಿಲಾಬೆನ್ ಧೀರೂಭಾಯಿ ಅಂಬಾನಿ ಆಸ್ಪತ್ರೆ ಇಂತಹ ಕೇಂದ್ರಗಳಲ್ಲೊಂದು. ಈ ಶಸ್ತ್ರಚಿಕಿತ್ಸೆಗೆ ಮೊದಲು ಎಲ್ಲಿಯೇ ಆದರೂ ಒಂದು ಪ್ರಶ್ನೆಗೆ ಉತ್ತರ ದೊರೆಯಲೇಬೇಕು: ದಾನಿಯ ಯಕೃತ್ತಿನಲ್ಲಿ ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ? ಹೊಟ್ಟೆಯನ್ನು ತೆರೆಯುವ ಮುನ್ನ ಅಂಗವನ್ನು ತೂಗಿ ನೋಡುವಂತಿಲ್ಲ. ಆದ್ದರಿಂದ ಸಿ.ಟಿ. ಬಿಂಬಗಳಲ್ಲಿ ಯಕೃತ್ತನ್ನು ಉಳಿದ ಅಂಗಗಳಿಂದ ಗಣಕಯಂತ್ರದ ನೆರವಿನಿಂದ ಬೇರ್ಪಡಿಸಿ, ಅದರ ಗಾತ್ರವನ್ನು ಎಣಿಸಿ, ಕತ್ತರಿಸುವ ತಲವನ್ನು ಪರದೆಯ ಮೇಲೆ ಮೊದಲೇ ಕಂಡುಕೊಳ್ಳಲಾಗುತ್ತದೆ. ಈ ಬೇರ್ಪಡಿಕೆ ಹೇಗೆ ನಡೆಯುತ್ತದೆ, ಅದರಲ್ಲಿ ಯಂತ್ರದ ಪಾಲೆಷ್ಟು ಮನುಷ್ಯನ ಪಾಲೆಷ್ಟು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪಠ್ಯಪುಸ್ತಕಗಳು ಪಿತ್ತಜನಕಾಂಗವೆಂದೂ ಮನೆಮಾತು ಲಿವರ್ ಎಂದೂ ಕರೆಯುವ ಅಂಗವನ್ನು ನಾವು ಇಲ್ಲಿ ಯಕೃತ್ತು ಎಂದೇ ಕರೆಯುತ್ತೇವೆ.

ಸಿ.ಟಿ. ಬಿಂಬವು ಛಾಯಾಚಿತ್ರವಲ್ಲ, ಅಂಕಿಗಳ ಕೋಷ್ಟಕ ಎಂಬುದನ್ನು ಮೊದಲಿಗೆ ಗಮನಿಸಬೇಕು. 1971ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯನ್ನು ಚಿತ್ರಿಸಿದ ಯಂತ್ರದ ನಿರ್ಮಾತೃ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಅವರಿಗೂ ಅಲನ್ ಕಾರ್ಮಾಕ್ ಅವರಿಗೂ 1979ರ ನೊಬೆಲ್ ಪ್ರಶಸ್ತಿ ಸಂದಿತು. ಕ್ಷ-ಕಿರಣವನ್ನು ದೇಹದ ಪ್ರತಿಯೊಂದು ಬಿಂದುವೂ ಎಷ್ಟು ಹೀರಿಕೊಳ್ಳುತ್ತದೆ ಎಂಬುದನ್ನು ಇಂದಿಗೂ ಹೌನ್ಸ್‌ಫೀಲ್ಡರ ಹೆಸರಿನ ಮಾನದಲ್ಲೇ ಅಳೆಯುತ್ತಾರೆ. ಅದರಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ 1000 ಕೆಳಗೆ, ಕೊಬ್ಬಿಗೆ ಸುಮಾರು 100 ಕೆಳಗೆ. ಮೂಳೆಗೆ ಸೊನ್ನೆಯ ಮೇಲೆ ಕೆಲವು ನೂರು. ಒಂದು ಅಡ್ಡಸೀಳಿನಲ್ಲಿ 512 ಸಾಲು, 512 ಕಂಬಸಾಲು. ಹೊಟ್ಟೆಯ ಒಂದು ಪರೀಕ್ಷೆಯಲ್ಲಿ ಇಂತಹ 400 ಸೀಳುಗಳಿದ್ದರೆ ಒಟ್ಟು 10 ಕೋಟಿ 48 ಲಕ್ಷಕ್ಕೂ ಮಿಕ್ಕ ಘನಕಣಗಳು. ಪ್ರತಿಯೊಂದು ಘನಕಣದಲ್ಲಿಯೂ ಒಂದು ಅಂಕಿಯಿದೆ, ಹೆಸರಿಲ್ಲ. ಇದು ಯಕೃತ್ತು, ಇದು ಜಠರ ಎಂದು ಬಿಂಬವೇ ಹೇಳುವುದಿಲ್ಲ. ಆ ಹೆಸರನ್ನು ಪ್ರತಿ ಕಣಕ್ಕೂ ಕೊಡುವುದೇ ಬೇರ್ಪಡಿಕೆಯ ಕೆಲಸ.

ಅಂಕಿಯನ್ನು ನೋಡಿಯೇ ಹೆಸರು ಕೊಡುವುದು ಎಲ್ಲಕ್ಕಿಂತ ಸರಳವಾದ ಮಾರ್ಗ. ಒಂದು ಮಿತಿಯನ್ನು ಇಟ್ಟು ಅದಕ್ಕಿಂತ ಮೇಲಿನದನ್ನು ಒಂದು ಬದಿಗೆ, ಕೆಳಗಿನದನ್ನು ಇನ್ನೊಂದು ಬದಿಗೆ ಹಾಕುವುದು. ಆ ಮಿತಿಯನ್ನು ಬಿಂಬದಿಂದಲೇ ಗಣಕ ಕಂಡುಕೊಳ್ಳುವ ಉಪಾಯವನ್ನು ಜಪಾನಿನ ನೊಬುಯುಕಿ ಒತ್ಸು 1979ರಲ್ಲಿ ಪ್ರಕಟಿಸಿದರು: ಎರಡು ಗುಂಪುಗಳ ನಡುವಣ ಅಂತರ ಗರಿಷ್ಠವಾಗುವಲ್ಲಿ ಮಿತಿಯನ್ನಿಡಬೇಕು. ಹಸ್ತಪ್ರತಿಗಳೊಡನೆ ಒಡನಾಡುವ ನಮ್ಮ ಓದುಗರಿಗೆ ಇದು ಅಪರಿಚಿತವಾಗಬೇಕಾಗಿಲ್ಲ. ಕಂದಿದ ತಾಳೆಗರಿಯ ಚಿತ್ರದಲ್ಲಿ ಅಕ್ಷರವನ್ನು ಗರಿಯ ಹಿನ್ನೆಲೆಯಿಂದ ಬಿಡಿಸಲು ಬಳಸುವುದೂ ಇದೇ ಉಪಾಯವನ್ನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಣಕಕ್ಕೆ ಕನ್ನಡ ಅಕ್ಷರಗಳನ್ನು ಓದಲು ಕಲಿಸಿದ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯದ ಹೆಸರಿನಲ್ಲಿಯೇ ವೈದ್ಯಕೀಯವೂ ಭಾಷೆಯೂ ಜೊತೆಗೂಡಿರುವುದು ಆಕಸ್ಮಿಕವಲ್ಲ.

ಮೂಳೆಗೆ ಈ ವಿಧಾನ ಸಾಕು. ಯಕೃತ್ತಿಗೆ ಸಾಲದು. ಬಣ್ಣದ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚದೆ ತೆಗೆದ ಬಿಂಬದಲ್ಲಿ ಆರೋಗ್ಯವಂತರ ಯಕೃತ್ತಿನ ಅಂಕಿ 50ರಿಂದ 65ರ ಆಸುಪಾಸಿನಲ್ಲಿರುತ್ತದೆ. ಪಕ್ಕೆಲುಬುಗಳ ನಡುವಣ ಸ್ನಾಯು, ಗುಲ್ಮ ಮುಂತಾದುವುಗಳ ಅಂಕಿಗಳೂ ಅದರ ನೆರೆಯವೇ. ಔಷಧಿ ಕೊಟ್ಟಾಗ ಅಂತರ ಹೆಚ್ಚುತ್ತದೆ, ನಿಜ; ಆದರೆ ವಪೆಯ ಆಚೆ ಹೃದಯವು ಯಕೃತ್ತಿಗೆ ತಾಗಿಕೊಂಡಿರುವ ಕಡೆ, ಜಠರವು ಒತ್ತಿಕೊಂಡಿರುವ ಕಡೆ ಎರಡರ ನಡುವಣ ಗೆರೆ ಹಲವು ಸೀಳುಗಳಲ್ಲಿ ಕಾಣುವುದೇ ಇಲ್ಲ.

ಇಲ್ಲಿ ಅಂಧೇರಿಯ ಭೂಗೋಳವೇ ನಮಗೆ ಒಳ್ಳೆಯ ದೃಷ್ಟಾಂತವನ್ನು ಒದಗಿಸುತ್ತದೆ. ಪೂರ್ವ ಅಂಧೇರಿ, ಪಶ್ಚಿಮ ಅಂಧೇರಿ ಎಂಬ ವಿಭಾಗ ಯಾರಿಗೂ ಗೊಂದಲವನ್ನುಂಟುಮಾಡದು, ನಡುವೆ ರೈಲುಹಳಿಯಿದೆ. ಇದು ಕಣ್ಣಿಗೆ ಕಾಣುವ ಎಲ್ಲೆ. ಆದರೆ ಅಂಧೇರಿ ಎಲ್ಲಿ ಮುಗಿದು ಜೋಗೇಶ್ವರಿ ಎಲ್ಲಿ ಆರಂಭವಾಗುತ್ತದೆ? ಕಟ್ಟಡಗಳ ಸಾಲು ಹಾಗೆಯೇ ಮುಂದುವರಿಯುತ್ತದೆ. ಒಂದು ಬಿಂದುವಿನಲ್ಲಿ ಬೀಜವನ್ನಿಟ್ಟು, ಅದನ್ನು ಹೋಲುವ ನೆರೆಕಣಗಳನ್ನು ಒಂದೊಂದಾಗಿ ಸೇರಿಸಿಕೊಳ್ಳುತ್ತ ಪ್ರದೇಶವನ್ನು ಬೆಳೆಸುವ ವಿಧಾನವೊಂದುಂಟು. ಪೂರ್ವ ಅಂಧೇರಿಯಲ್ಲಿ ಬೀಜವನ್ನಿಟ್ಟು ರಸ್ತೆಗಳ ಗುಂಟ ಬೆಳೆಸಿದರೆ ಅದು ಹಳಿಯ ಬಳಿ ನಿಲ್ಲಬೇಕಷ್ಟೆ; ಆದರೆ ಗೋಖಲೆ ಸೇತುವೆಯ ಮೇಲಿಂದಲೋ ಸಬ್‌ವೇಯ ಕೆಳಗಿನಿಂದಲೋ ನುಸುಳಿ ಪಶ್ಚಿಮವನ್ನೂ ಇಡಿಯಾಗಿ ನುಂಗಿಬಿಡುತ್ತದೆ. ಒಂದೇ ಒಂದು ಕಿರಿದಾದ ಸಂಧಿ ಸಾಕು. ಯಕೃತ್ತಿನಿಂದ ಹೃದಯಕ್ಕೆ, ಹೃದಯದಿಂದ ಮಹಾಪಧಮನಿಗೆ ಬೇರ್ಪಡಿಕೆ ಸೋರಿಹೋಗುವುದು ಹೀಗೆಯೇ. ತಜ್ಞರು ಇದನ್ನು ಸೋರಿಕೆಯೆಂದೇ ಕರೆಯುತ್ತಾರೆ. ಅಂಕಿಗಳು ಥಟ್ಟನೆ ಬದಲಾಗುವ ಜಾಗಗಳನ್ನು ಏರುಗಳೆಂದು ಭಾವಿಸಿ, ತಗ್ಗುಗಳಲ್ಲಿ ನೀರು ತುಂಬಿಸಿ, ಎರಡು ಕಡೆಯ ನೀರು ಕೂಡುವಲ್ಲಿ ಗೆರೆ ಎಳೆಯುವ ಜಲವಿಭಾಜಕ ವಿಧಾನವನ್ನು ಫ್ರಾನ್ಸಿನ ಬ್ಯೂಷೆ ಮತ್ತು ಲಾಂತ್ಯುಯೆಲ್ 1979ರಲ್ಲಿ ರೂಪಿಸಿದರು. ಮಳೆಗಾಲದಲ್ಲಿ ಅಂಧೇರಿ ಸಬ್‌ವೇಯಲ್ಲಿ ನಿಲ್ಲುವ ನೀರನ್ನು ಕಂಡವರಿಗೆ ಇದರ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರ ದೋಷವೆಂದರೆ ಪ್ರತಿಯೊಂದು ಸಣ್ಣ ಗುಂಡಿಯೂ ಬೇರೆ ಬೇರೆ ಕೆರೆಯಾಗಿ, ಒಂದು ಯಕೃತ್ತು ನೂರಾರು ಚೂರುಗಳಾಗಿಬಿಡುವುದು. 1987ರಲ್ಲಿ ಕಾಸ್, ವಿಟ್ಕಿನ್, ಟರ್ಜೊಪೌಲೋಸ್ ಎಂಬ ಮೂವರು ಹಾವು ಎಂಬ ಹೆಸರಿನಿಂದಲೇ ಪ್ರಸಿದ್ಧವಾದ ವಿಧಾನವನ್ನು ತಂದರು; ಸ್ಥಿತಿಸ್ಥಾಪಕವಾದ ಒಂದು ಗೆರೆ ಅಂಗದ ಅಂಚಿನತ್ತ ಸರಿಯುತ್ತ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹತ್ತಿರದಲ್ಲಿ ಬಿಟ್ಟರೆ ಸರಿ, ದೂರದಲ್ಲಿ ಬಿಟ್ಟರೆ ಪಕ್ಕದ ಅಂಗಕ್ಕೆ ಸುತ್ತಿಕೊಳ್ಳುತ್ತದೆ.

ಈ ವಿಧಾನಗಳೆಲ್ಲವೂ ಒಂದೇ ಕಡೆ ಎಡವುವುದೇಕೆ ಎಂಬುದನ್ನು ಸ್ಪಷ್ಟವಾಗಿ ಹೇಳಿದವರಲ್ಲಿ ಜಯರಾಮ ಕೆ. ಉಡುಪ ಪ್ರಮುಖರು. ಉಡುಪ ಎಂಬ ಕುಲನಾಮ ಎಲ್ಲಿಯದೆಂದು ನಮ್ಮ ಓದುಗರಿಗೆ ತಿಳಿಸಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ 1976ರಲ್ಲಿ ಡಾಕ್ಟರೇಟ್ ಪಡೆದ ಅವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಬಿಂಬಗಳ ಸಂಸ್ಕರಣೆಗೆ ತಮ್ಮ ವೃತ್ತಿಜೀವನವನ್ನು ಮುಡಿಪಾಗಿಟ್ಟರು. ಗೇಬರ್ ಹರ್ಮನ್ ಅವರೊಡನೆ 1991ರಲ್ಲಿ ವೈದ್ಯಕೀಯದಲ್ಲಿ ಮೂರು ಆಯಾಮದ ಚಿತ್ರಣವನ್ನು ಕುರಿತ ಗ್ರಂಥವನ್ನು ಸಂಪಾದಿಸಿದರು. ಅವರ ತಂಡ ಸಿದ್ಧಪಡಿಸಿದ ತ್ರೀಡಿವ್ಯೂನಿಕ್ಸ್ ಎಂಬ ತಂತ್ರಾಂಶ 1990ರ ದಶಕದಲ್ಲಿ ಈ ಕ್ಷೇತ್ರದ ಅನೇಕ ಸಂಶೋಧಕರ ಕೈಸೇರಿತು.

ಉಡುಪರ ವಿಚಾರಸರಣಿಯ ಪ್ರಕಾರ ಬೇರ್ಪಡಿಕೆಯಲ್ಲಿ ಎರಡು ಕೆಲಸಗಳಿವೆ. ಅಂಗ ಸರಿಸುಮಾರು ಎಲ್ಲಿದೆ ಎಂದು ಗುರುತಿಸುವುದು ಒಂದು. ಅದರ ಹರಹನ್ನು ಕಣಕಣವಾಗಿ ನಿರ್ಣಯಿಸಿ ಗೆರೆ ಎಳೆಯುವುದು ಇನ್ನೊಂದು. ಮೊದಲನೆಯದರಲ್ಲಿ ಮನುಷ್ಯ ಮೇಲು. ಪಳಗಿದ ವೈದ್ಯರು ಕ್ಷಣಮಾತ್ರದಲ್ಲಿ ಇದು ಯಕೃತ್ತು ಎನ್ನುತ್ತಾರೆ. ಎರಡನೆಯದರಲ್ಲಿ ಗಣಕ ಮೇಲು. ಅದರ ಕೈ ನಡುಗದು, ನಾಲ್ಕುನೂರನೆಯ ಸೀಳಿನಲ್ಲಿಯೂ ಅದಕ್ಕೆ ಆಯಾಸವಿಲ್ಲ. ಗಣಕದಿಂದ ಮೊದಲನೆಯದನ್ನೂ ಮಾಡಿಸಹೊರಟಾಗಲೇ ಸೋರಿಕೆಗಳು ತಲೆದೋರುತ್ತವೆ. ನಮ್ಮ ದೃಷ್ಟಿಯಲ್ಲಿ ಈ ಕ್ಷೇತ್ರದ ಸುಮಾರು ನಾಲ್ಕು ದಶಕಗಳ ಚರಿತ್ರೆಯನ್ನು ಅರ್ಥಮಾಡಿಕೊಳ್ಳಲು ಗುರುತು ಮತ್ತು ಗೆರೆಗಳ ಈ ಭೇದಕ್ಕಿಂತ ಉತ್ತಮವಾದ ಕೀಲಿಕೈ ಇಲ್ಲ.

1996ರಲ್ಲಿ ಉಡುಪ ಮತ್ತು ಸಮರಸೇಕರ ಮಂಡಿಸಿದ ಅಸ್ಪಷ್ಟ ಸಂಬದ್ಧತೆಯ ಸಿದ್ಧಾಂತ ಈ ತಿಳಿವಿನ ಫಲ. ಒಂದೇ ಅಂಗದ ಒಳಗೂ ಅಂಕಿಗಳು ಮೆಲ್ಲಮೆಲ್ಲನೆ ಬದಲಾಗುತ್ತವೆ. ಒಂದು ತುದಿಯ ಅಂಕಿ ಇನ್ನೊಂದು ತುದಿಯ ಅಂಕಿಗೆ ಹೋಲದಿರಬಹುದು. ಆದರೂ ಅವು ಒಂದಕ್ಕೊಂದು ಅಂಟಿಕೊಂಡೇ ಇವೆ. ಈ ಅಂಟಿನ ಬಲವನ್ನು ಅಳೆಯಲು ಅವರು ಹೀಗೆ ಮಾಡಿದರು: ನೆರೆಯ ಎರಡು ಕಣಗಳ ನಡುವಣ ಸಾಮ್ಯಕ್ಕೆ ಸೊನ್ನೆಯಿಂದ ಒಂದರವರೆಗಿನ ಬೆಲೆ ಕೊಡುವುದು, ದೂರದ ಎರಡು ಕಣಗಳ ನಡುವೆ ಸಾಧ್ಯವಿರುವ ಹಾದಿಗಳನ್ನೆಲ್ಲ ಪರಿಗಣಿಸುವುದು, ಪ್ರತಿಯೊಂದು ಹಾದಿಯ ಬಲವೆಂದರೆ ಅದರಲ್ಲಿರುವ ಅತ್ಯಂತ ದುರ್ಬಲವಾದ ಕೊಂಡಿಯ ಬಲ, ಆ ಹಾದಿಗಳಲ್ಲಿ ಅತ್ಯಂತ ಬಲವಾದುದರ ಬೆಲೆಯೇ ಆ ಎರಡು ಕಣಗಳ ಸಂಬದ್ಧತೆ. ಇಲ್ಲಿ ಇದು ಅಂಗ, ಇದು ಅಲ್ಲ ಎಂಬ ಕಟ್ಟುನಿಟ್ಟಾದ ವಿಂಗಡಣೆ ಮೊದಲೇ ಇಲ್ಲ. ಪ್ರತಿಯೊಂದು ಕಣವೂ ಅಂಗಕ್ಕೆ ಎಷ್ಟರಮಟ್ಟಿಗೆ ಸೇರಿದೆ ಎಂಬ ಪ್ರಮಾಣವಿದೆ. ಮಿದುಳಿನ ಎಂ.ಆರ್. ಬಿಂಬಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗದ ಕಲೆಗಳನ್ನು ಅಳೆಯಲು ಅದೇ ತಂಡ ಈ ವಿಧಾನವನ್ನು ಬಳಸಿತು. 1998ರಲ್ಲಿ ಅವರ ತಂಡವೇ ಪ್ರಕಟಿಸಿದ ಲೈವ್ ವೈರ್ ಎಂಬ ವಿಧಾನದಲ್ಲಂತೂ ಶ್ರಮವಿಭಾಗ ಕಣ್ಣಿಗೆ ಕಟ್ಟುವಂತಿದೆ. ವೈದ್ಯರು ಅಂಚಿನ ಮೇಲೆ ಒಂದು ಬಿಂದುವನ್ನು ಒತ್ತುತ್ತಾರೆ. ಮೌಸನ್ನು ಸರಿಸಿದಂತೆಲ್ಲ ಗಣಕವು ಆ ಬಿಂದುವಿನಿಂದ ಇಲ್ಲಿಯವರೆಗೆ ಅಂಚನ್ನೇ ಹಿಡಿದು ಸಾಗುವ ಅಗ್ಗದ ಹಾದಿಯನ್ನು ಕೂಡಲೇ ತೋರಿಸುತ್ತದೆ. ಒಪ್ಪಿಗೆಯಾದರೆ ಮತ್ತೊಂದು ಬಿಂದು. ಗುರುತು ಮನುಷ್ಯನದು, ಗೆರೆ ಗಣಕದ್ದು.

ಹೀಗೆ ಯಕೃತ್ತಿನ ಹೊರ ಎಲ್ಲೆ ದೊರೆಯಿತೆಂದುಕೊಳ್ಳೋಣ. ಕಸಿಯ ಪ್ರಶ್ನೆ ಇನ್ನೂ ಬಗೆಹರಿದಿಲ್ಲ, ಏಕೆಂದರೆ ಬೇಕಾಗಿರುವುದು ಬಲಭಾಗ ಮತ್ತು ಎಡಭಾಗಗಳ ನಡುವಣ ಎಲ್ಲೆ. ಇಲ್ಲಿ ಚರಿತ್ರೆ ಕುತೂಹಲಕಾರಿಯಾಗಿದೆ. ಯಕೃತ್ತಿನ ಮೇಲ್ಮೈಯಲ್ಲಿ ಕುಡುಗೋಲಿನಾಕಾರದ ಬಂಧಕವೊಂದಿದ್ದು ಅದು ಅಂಗವನ್ನು ಎರಡಾಗಿ ಒಡೆದಂತೆ ಕಾಣುತ್ತದೆ. ಶತಮಾನಗಳ ಕಾಲ ಅಂಗರಚನಾಶಾಸ್ತ್ರಜ್ಞರು ಅದನ್ನೇ ಬಲ ಎಡಗಳ ಗಡಿಯೆಂದು ನಂಬಿದ್ದರು. ಹಾಂಗ್‌ಕಾಂಗಿನಲ್ಲಿದ್ದ ಶಸ್ತ್ರವೈದ್ಯ ಜೇಮ್ಸ್ ಕ್ಯಾಂಟ್ಲಿ 1897ರಲ್ಲಿ, ಒಂದು ಬದಿ ಕುಗ್ಗಿಹೋಗಿದ್ದ ಯಕೃತ್ತನ್ನು ಪರಿಶೀಲಿಸಿ, ನಿಜವಾದ ವಿಭಾಗ ಪಿತ್ತಕೋಶದಿಂದ ಕೆಳ ಮಹಾಸಿರೆಯವರೆಗೆ ಹೋಗುವ ಬೇರೊಂದು ಗೆರೆಯಲ್ಲಿದೆ ಎಂದು ತೋರಿಸಿದರು. ಆ ಗೆರೆ ಹೊರಗಣ್ಣಿಗೆ ಕಾಣುವುದಿಲ್ಲ. 1957ರಲ್ಲಿ ಫ್ರಾನ್ಸಿನ ಕ್ಲೋದ್ ಕ್ವಿನೋ ರಕ್ತನಾಳಗಳ ಕವಲುಗಳನ್ನು ಆಧರಿಸಿ ಯಕೃತ್ತನ್ನು ಎಂಟು ಖಂಡಗಳಾಗಿ ವಿಂಗಡಿಸಿದರು. ಕಾಣುವ ಗೆರೆ ತಪ್ಪು, ಸರಿಯಾದ ಗೆರೆ ಕಾಣದು. ಅಂಚನ್ನಷ್ಟೇ ಹುಡುಕುವ ಯಾವ ವಿಧಾನವೂ ಇಲ್ಲಿ ನೆರವಿಗೆ ಬಾರದು. ಎರಡು ಬದಿಗಳ ಕಣಗಳೂ ಒಂದೇ ಅಂಕಿಯವು.

ಗಣಕತಜ್ಞರು ಕಂಡುಕೊಂಡ ದಾರಿ ಮುಂಬಯಿಯವರ ನಿತ್ಯದ ರೂಢಿಯನ್ನು ನೆನಪಿಸುವಂತಹದು. ನಿಮ್ಮ ಮನೆ ಎಲ್ಲಿ ಎಂದರೆ ಇಲ್ಲಿನವರು ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತೇವೆ ಎಂಬುದನ್ನೇ ಉತ್ತರವಾಗಿ ಹೇಳುತ್ತಾರೆ. ವಿಲೇಪಾರ್ಲೆ, ಅಂಧೇರಿ, ಜೋಗೇಶ್ವರಿಗಳಲ್ಲಿ ಯಾವುದು ಹತ್ತಿರವೋ ಮನೆ ಅದಕ್ಕೆ ಸೇರಿದ್ದು. ಜರ್ಮನಿಯ ಬ್ರೆಮೆನ್ನಿನಲ್ಲಿ ಹೈಂಟ್ಸ್-ಓಟೋ ಪೈಟ್‌ಗೆನ್ ಅವರ ತಂಡ 2002ರಲ್ಲಿ ಪ್ರಕಟಿಸಿದ ಕಾರ್ಯದಲ್ಲಿ ಹೀಗೆಯೇ ಮೊದಲು ಪೋರ್ಟಲ್ ಸಿರೆಯ ಕವಲುಗಳನ್ನು ಬೇರ್ಪಡಿಸಿ, ಬಳಿಕ ಯಕೃತ್ತಿನ ಪ್ರತಿಯೊಂದು ಕಣವನ್ನೂ ಅದಕ್ಕೆ ಅತ್ಯಂತ ಸಮೀಪವಾದ ಕವಲಿನ ಪಾಲಿಗೆ ಹಂಚಲಾಯಿತು. ಗೆರೆ ಬಿಂಬದಲ್ಲಿ ಸಿಕ್ಕಿದ್ದಲ್ಲ, ರಕ್ತ ಎಲ್ಲಿಂದ ಬರುತ್ತದೆ ಎಂಬ ತಿಳಿವಿನಿಂದ ಊಹಿಸಿದ್ದು. ಶಸ್ತ್ರವೈದ್ಯರು ಯಕೃತ್ತಿನ ಮಧ್ಯಸಿರೆಯನ್ನು ಯಾವ ಬದಿಗೆ ಬಿಡಬೇಕೆಂದು ನಿರ್ಧರಿಸಿ ಆ ಗೆರೆಯನ್ನು ಮತ್ತೆ ಸರಿಸುವುದೂ ಉಂಟು.

ಇದರಲ್ಲಿ ಎಷ್ಟು ಪಣಕ್ಕಿದೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ದಾನಿಯ ಯಕೃತ್ತು 1200 ಮಿಲಿಲೀಟರ್ ಎಂದಿಟ್ಟುಕೊಳ್ಳೋಣ. ಪಡೆಯುವವರ ತೂಕದ ಶೇಕಡಾ 0.8ರಷ್ಟಾದರೂ ತೂಕದ ಭಾಗ ಅವರಿಗೆ ಸಿಗಬೇಕೆಂಬುದು, ದಾನಿಯಲ್ಲಿ ಶೇಕಡಾ 30ರಿಂದ 35ರಷ್ಟಾದರೂ ಉಳಿಯಬೇಕೆಂಬುದು ವ್ಯಾಪಕವಾಗಿ ಪಾಲಿಸಲಾಗುವ ಮಿತಿಗಳು. 60 ಕಿಲೋಗ್ರಾಂ ತೂಕದವರಿಗೆ 480 ಗ್ರಾಂ ಬೇಕು. ಬಲಭಾಗ 780 ಮಿಲಿಲೀಟರ್ ಎಂದು ಬಂದರೆ ದಾನಿಗೆ 420 ಉಳಿಯುತ್ತದೆ. ಅದು ಶೇಕಡಾ 35, ನಿರಾತಂಕ. ಈಗ ಗೆರೆ ಸ್ವಲ್ಪ ಸರಿದು 60 ಮಿಲಿಲೀಟರ್ ಆಚೆ ಹೋದರೆ? ಉಳಿಯುವುದು 360, ಶೇಕಡಾ 30, ಮಿತಿಯ ಅಂಚು. 60 ಮಿಲಿಲೀಟರ್ ಎಂದರೆ ಅಂಧೇರಿ ಸ್ಟೇಷನ್ನಿನ ಹೊರಗೆ ಕೊಡುವ ಒಂದು ಕಟಿಂಗ್ ಚಹಾದಷ್ಟೇ. ಪಿತ್ತಕೋಶವನ್ನೋ ದೊಡ್ಡ ಸಿರೆಯೊಂದನ್ನೋ ಯಕೃತ್ತಿನ ಲೆಕ್ಕಕ್ಕೆ ಸೇರಿಸಿಬಿಟ್ಟರೂ ಲೆಕ್ಕ ಇಷ್ಟರಮಟ್ಟಿಗೆ ಏರುಪೇರಾದೀತು. ಬಿಂಬದಿಂದ ಎಣಿಸಿದ ಗಾತ್ರ, ತೆಗೆದ ಭಾಗದ ನಿಜವಾದ ತೂಕಕ್ಕಿಂತ ಹೆಚ್ಚಾಗಿ ಬರುವುದು ಸಾಮಾನ್ಯವೆಂಬುದೂ ತಿಳಿದ ವಿಷಯ. ಬದುಕಿರುವ ಅಂಗದಲ್ಲಿ ರಕ್ತ ತುಂಬಿರುತ್ತದೆ, ತಕ್ಕಡಿಯ ಮೇಲಿಟ್ಟ ಅಂಗದಲ್ಲಿ ಅದು ಬಸಿದುಹೋಗಿರುತ್ತದೆ.

ಗೆರೆ ಎಷ್ಟು ಸರಿ ಎಂದು ಹೇಳುವ ಅಳತೆಗೋಲು ಜೀವಪರಿಸರ ಶಾಸ್ತ್ರದಿಂದ ಬಂದುದು. ಎರಡು ಜೀವಜಾತಿಗಳು ಎಷ್ಟರಮಟ್ಟಿಗೆ ಜೊತೆಯಾಗಿ ಕಾಣಸಿಗುತ್ತವೆ ಎಂಬುದನ್ನು ಅಳೆಯಲು ಲೀ ಡೈಸ್ 1945ರಲ್ಲಿ ಸೂಚಿಸಿದ ಗುಣಕ ಅದು: ಎರಡು ಗೆರೆಗಳ ಒಳಗೂ ಬೀಳುವ ಭಾಗದ ಇಮ್ಮಡಿಯನ್ನು ಎರಡರ ಗಾತ್ರಗಳ ಮೊತ್ತದಿಂದ ಭಾಗಿಸುವುದು. 0.96 ಎಂಬ ಅಂಕ ಬಂದರೆ ಅತ್ಯುತ್ತಮವೆನ್ನುತ್ತಾರೆ. ಆದರೆ ತಲಾ 1200 ಮಿಲಿಲೀಟರಿನ ಎರಡು ಗೆರೆಗಳ ನಡುವೆ 0.96 ಬಂದಾಗ ಪ್ರತಿಯೊಂದರಲ್ಲಿಯೂ 48 ಮಿಲಿಲೀಟರ್ ಇನ್ನೊಂದರ ಹೊರಗಿರುತ್ತದೆ. ಆ 48 ಹೊರಮೈಯ ಸುತ್ತ ತೆಳುವಾಗಿ ಹರಡಿದ್ದರೆ ಕಸಿಗೆ ಅಷ್ಟಾಗಿ ಬಾಧಕವಿಲ್ಲ, ರಕ್ತನಾಳಗಳು ಒಳಹೊಗುವ ಬಾಗಿಲಲ್ಲಿ ಒಟ್ಟುಗೂಡಿದ್ದರೆ ಬಾಧಕವುಂಟು. ಅಂಕ ಮಾತ್ರ ಎರಡಕ್ಕೂ ಒಂದೇ. ಇನ್ನು ಹೋಲಿಸಲು ಬೇಕಾದ ಸರಿಯಾದ ಗೆರೆ ಯಾವುದು? ಮೂವರು ತಜ್ಞರು ಎಳೆದರೆ ಮೂರು ಪಾಠಾಂತರಗಳು. ಇವುಗಳಿಂದ ಮೂಲಪಾಠವನ್ನು ಊಹಿಸುವ, ಜೊತೆಗೇ ಯಾವ ಲಿಪಿಕಾರ ಎಷ್ಟು ನಂಬಿಕಸ್ಥನೆಂದೂ ತೂಗುವ ಸಂಖ್ಯಾಶಾಸ್ತ್ರೀಯ ವಿಧಾನವೊಂದನ್ನು ವಾರ್‌ಫೀಲ್ಡ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದರು. ಗ್ರಂಥಸಂಪಾದನೆ ಬಲ್ಲವರು ಅದನ್ನು ಓದಿದರೆ ತಮ್ಮ ಮನೆಗೇ ಬಂದಂತೆ ಅನಿಸೀತು.

2015ರಲ್ಲಿ ಫ್ರೈಬರ್ಗಿನ ರೊನ್ನೆಬರ್ಗರ್, ಫಿಷರ್, ಬ್ರಾಕ್ಸ್ ಅವರು ಯು-ನೆಟ್ ಎಂಬ ನರಜಾಲವನ್ನು ಪ್ರಕಟಿಸಿದ ಮೇಲೆ ಚಿತ್ರ ಬದಲಾಯಿತು. ಬಿಂಬವನ್ನು ಹಂತಹಂತವಾಗಿ ಕುಗ್ಗಿಸಿ ಸ್ಥೂಲನೋಟವನ್ನೂ, ಮತ್ತೆ ಹಿಗ್ಗಿಸಿ ಸೂಕ್ಷ್ಮ ಅಂಚನ್ನೂ ಒಟ್ಟಿಗೆ ಹಿಡಿಯುವ ರಚನೆ ಅದರದು. ಅಂದರೆ ಗುರುತೂ ಗೆರೆಯೂ ಒಂದೇ ಯಂತ್ರದಲ್ಲಿ ಬೆರೆತವು. 2023ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಆಸ್ಪತ್ರೆಯವರು 1204 ಸಿ.ಟಿ. ಪರೀಕ್ಷೆಗಳಿಂದ ಕಲಿಸಿ 104 ಅಂಗರಚನೆಗಳನ್ನು ಬೇರ್ಪಡಿಸುವ ಟೋಟಲ್‌ಸೆಗ್ಮೆಂಟೇಟರ್ ಎಂಬ ಸಾಧನವನ್ನು ಮುಕ್ತವಾಗಿ ಹಂಚಿದರು. ಮನುಷ್ಯ ಇಲ್ಲಿ ಕಣ್ಮರೆಯಾಗಲಿಲ್ಲ, ಸ್ಥಾನ ಬದಲಿಸಿದ: ಯಂತ್ರ ಎಳೆದ ಗೆರೆಯನ್ನು ವೈದ್ಯರು ತಿದ್ದಿದರು, ತಿದ್ದಿದ್ದನ್ನು ಯಂತ್ರ ಮತ್ತೆ ಕಲಿಯಿತು. ಆದರೆ ಯಂತ್ರವು ತಾನು ಕಂಡ ದೇಹಗಳಿಂದಲೇ ಗುರುತಿಸಲು ಕಲಿಯುವುದರಿಂದ, ಆ ದೇಹಗಳು ಯಾರವು ಎಂಬ ಪ್ರಶ್ನೆ ನಮ್ಮಲ್ಲಿ ಏಳಲೇಬೇಕು. ಮುಂಬಯಿಯಲ್ಲಿಯೇ 2016ರಲ್ಲಿ ಆರಂಭವಾದ ಕ್ಯೂರ್ ಎಐ ಸಂಸ್ಥೆ ತಲೆಯ ಸಿ.ಟಿ.ಯಲ್ಲಿ ರಕ್ತಸ್ರಾವವನ್ನು ಗುರುತಿಸುವ ಕಾರ್ಯವನ್ನು 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿ, ಭಾರತೀಯರ 491 ಪರೀಕ್ಷೆಗಳ ಬಿಂಬಗಳನ್ನು ಸಾರ್ವಜನಿಕಗೊಳಿಸಿತು. ಅದು ಗೆರೆಗಿಂತ ಗುರುತಿನ ಕೆಲಸ. ಆದರೂ ಬೇರೆಯವರ ಪರೀಕ್ಷೆಗೆ ಸಾಮಗ್ರಿಯನ್ನು ತೆರೆದಿಟ್ಟದ್ದು ಮೆಚ್ಚತಕ್ಕದ್ದು.

ಬೇರ್ಪಡಿಸಿದ ಅಂಗವನ್ನು ತೋರಿಸುವ ವಿಧಾನಗಳನ್ನು ಕುರಿತು ಎರಡು ಮಾತು ಸಾಕು. 1987ರಲ್ಲಿ ಲಾರೆನ್ಸೆನ್ ಮತ್ತು ಕ್ಲೈನ್ ಪ್ರಕಟಿಸಿದ ವಿಧಾನ ಅಂಗದ ಮೇಲ್ಮೈಯನ್ನು ಪುಟ್ಟ ತ್ರಿಕೋನಗಳಿಂದ ಹೊದಿಸುತ್ತದೆ. ಮರುವರ್ಷ ಬಂದ ಘನಚಿತ್ರಣ ವಿಧಾನಗಳು ಮೇಲ್ಮೈಯನ್ನು ನಿರ್ಧರಿಸದೆ ಎಲ್ಲ ಕಣಗಳನ್ನೂ ಬೇರೆಬೇರೆ ಪಾರದರ್ಶಕತೆಯಲ್ಲಿ ತೋರುತ್ತವೆ. ಮೊದಲನೆಯದರಲ್ಲಿ ಯಕೃತ್ತು ನುಣುಪಾದ ಕಂದುಶಿಲ್ಪದಂತೆ, ಸಿರೆಗಳು ನೀಲಿಯಾಗಿ ಬಲು ಚೆಲುವಾಗಿ ಕಾಣುತ್ತವೆ. ಆ ನುಣುಪು ಗಣಕ ಸವರಿದ್ದು, ಬಣ್ಣ ತಂತ್ರಾಂಶ ಹಚ್ಚಿದ್ದು. ಗೆರೆ ಎಲ್ಲಿ ಖಚಿತ, ಎಲ್ಲಿ ಊಹೆ ಎಂಬುದನ್ನು ಆ ಚೆಲುವು ಮರೆಮಾಡುತ್ತದೆ. ಉಡುಪ ಮತ್ತು ಓಡ್ನರ್ 1993ರಲ್ಲಿ ರೂಪಿಸಿದ ಚಿಪ್ಪಿನ ಚಿತ್ರಣದಲ್ಲಿ ಅಂಚಿನ ಅಸ್ಪಷ್ಟ ಪದರವನ್ನೇ ಉಳಿಸಿಕೊಂಡಿದ್ದರು. ಆ ಪ್ರಾಮಾಣಿಕತೆ ಇಂದಿನ ಹೊಳೆಯುವ ಚಿತ್ರಗಳಲ್ಲಿ ಅಪರೂಪ.

ಕನ್ನಡದ ಮಟ್ಟಿಗೆ ಇದರಿಂದ ಒಂದು ಕೆಲಸ ಹುಟ್ಟುತ್ತದೆ. 1994ರ ಮಾನವ ಅಂಗಗಳ ಕಸಿ ಕಾಯಿದೆಯ 12ನೆಯ ವಿಧಿಯಂತೆ ವೈದ್ಯರು ದಾನಿಗೂ ಪಡೆಯುವವರಿಗೂ ಸಂಭವನೀಯ ಪರಿಣಾಮ, ತೊಡಕು, ಅಪಾಯಗಳೆಲ್ಲವನ್ನೂ ವಿವರಿಸಬೇಕು. ದಾನಿ ಬಹುತೇಕ ಹತ್ತಿರದ ಬಂಧುವೇ. ಅಂಧೇರಿಯ ಕನ್ನಡ ಕುಟುಂಬವೊಂದರಲ್ಲಿ ತಂದೆಗೆ ಮಗಳು ಕೊಡಹೊರಟಾಗ, ಇಂಗ್ಲಿಷಿನ ವರದಿಯನ್ನು ಮನೆಯ ಹಿರಿಯರಿಗೆ ಯಾವ ಮಾತಿನಲ್ಲಿ ತಿಳಿಸುವುದು? ಇಂಗ್ಲಿಷಿನಲ್ಲಿ ಗಣಕದ ಬೇರ್ಪಡಿಕೆಗೂ ಕ್ವಿನೋ ಅವರ ಎಂಟು ವಿಭಾಗಗಳಿಗೂ ಒಂದೇ ಪದಮೂಲ. ಕನ್ನಡದಲ್ಲಿ ಎರಡನ್ನೂ ಖಂಡೀಕರಣವೆಂದರೆ ಕೇಳುವವರಿಗೆ ಕತ್ತಿಯೇ ಕಣ್ಣಮುಂದೆ ಬಂದೀತು. ಅಂಗದೊಳಗಿನ ವಿಭಾಗಕ್ಕೆ ಖಂಡ ಎಂಬುದಿರಲಿ. ಗಣಕದ ಕೆಲಸಕ್ಕೆ ಎಲ್ಲೆಗುರುತು ಎಂಬ ಪದವನ್ನು ನಾವು ಸೂಚಿಸುತ್ತೇವೆ, ಗುರುತು ಮತ್ತು ಗೆರೆಗಳೆರಡೂ ಅದರಲ್ಲಿ ಅಡಗಿವೆ. ದಾನಿಯಲ್ಲಿ ಉಳಿಯುವ ಪಾಲನ್ನು ಅವಶೇಷ ಎಂದು ಅನುವಾದಿಸುವುದು ನಮಗೆ ಸಮ್ಮತವಲ್ಲ. ಆ ಪದ ಹಾಳುಬಿದ್ದ ಗುಡಿಗೆ ಸಲ್ಲುತ್ತದೆ. ಉಳಿಪಾಲು ಎಂದರೆ ಸಾಕು. ಉಳಿಪಾಲಿನ ಅಂಕಿಯ ಪಕ್ಕದಲ್ಲಿ ಅದು ಎಷ್ಟು ಹೆಚ್ಚುಕಡಿಮೆಯಾಗಬಹುದು, ಯಂತ್ರ ಎಳೆದ ಗೆರೆಯನ್ನು ಯಾರು ತಿದ್ದಿ ಒಪ್ಪಿದರು ಎಂಬ ಎರಡು ಸಾಲುಗಳಿಗೂ ವರದಿಯಲ್ಲಿ ಸ್ಥಳವಿರಬೇಕು.